ಕ್ಯಾಸ್ಕೇಡ್, ಸಿಟ್ರಾ, ಸಾಜ್: 500 ಲೀಟರಿನ ಲೆಕ್ಕದಲ್ಲಿ

ಮೈಸೂರಿನ ನಮ್ಮ ಪುಟ್ಟ ಬ್ರೂವರಿಯಲ್ಲಿ ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂವಾದ ಹಾಪ್ಸಿನಲ್ಲಿ ಪರಿಮಳಕ್ಕೆಂದು ಬಳಸುವ ತಳಿಗಳ ಪೈಕಿ ನನ್ನ ಒಲವು ಕ್ಯಾಸ್ಕೇಡ್ ಕಡೆಗೇ ಇದೆ. ಆ ಒಲವು ಗಟ್ಟಿಯಾದದ್ದು ಸಿಟ್ರಾ ತಳಿಯ ಐದು ಕಿಲೋ ಪೊಟ್ಟಣವೊಂದಕ್ಕೆ ಕ್ಯಾಸ್ಕೇಡಿನ ಸುಮಾರು ಎರಡರಷ್ಟು ಬೆಲೆ ತೆತ್ತ ಮೇಲೆ. ನಾವು ಒಂದು ಸಲಕ್ಕೆ ತಯಾರಿಸುವುದು 500 ಲೀಟರ್ ಮಾತ್ರ. ಮುಂದಿನ ಮಾತೆಲ್ಲ ಆ ಅಳತೆಗೆ ಸಂಬಂಧಿಸಿದ್ದು.

ಸಿಟ್ರಾ ಕೆಟ್ಟ ತಳಿಯೆಂದು ಯಾರೂ ಹೇಳಲಾರರು. ಲೀಟರಿಗೆ 4 ಗ್ರಾಂ ಲೆಕ್ಕದಲ್ಲಿ ಎರಡು ಕಿಲೋ ಹಾಪ್ಸ್ ಗುಳಿಗೆಗಳನ್ನು ಡ್ರೈ ಹಾಪಿಂಗಿಗೆ, ಅಂದರೆ ಕುದಿಸದೆ ಹುದುಗುತ್ತಿರುವ ಬಿಯರಿಗೇ, ಹಾಕಿ ತಯಾರಿಸಿದ ಮೊದಲ ಬಿಯರಿನಲ್ಲಿ ಕಳಿತ ಬಾದಾಮಿ ಮಾವಿನ ಪರಿಮಳ ಗ್ಲಾಸನ್ನು ಮೂಗಿನ ಹತ್ತಿರ ತರುವ ಮೊದಲೇ ತಿಳಿಯುತ್ತಿತ್ತು. ತೊಂದರೆ ಶುರುವಾದದ್ದು ಉಳಿದ ಮೂರು ಕಿಲೋದಿಂದ.

ಹಾಪ್ಸ್ ಗುಳಿಗೆಗಳು ಗಾಳಿ ತೆಗೆದ ಅಥವಾ ಸಾರಜನಕ ತುಂಬಿದ ಫಾಯಿಲ್ ಚೀಲದಲ್ಲಿ ಬರುತ್ತವೆ. ಚೀಲವನ್ನು ಕತ್ತರಿಸಿದ ಗಳಿಗೆಯಿಂದಲೇ ಆಮ್ಲಜನಕವು ಅವುಗಳ ಎಣ್ಣೆಯನ್ನೂ ಕಹಿ ಕೊಡುವ ಆಲ್ಫಾ ಆಮ್ಲವನ್ನೂ ಕೆಡಿಸತೊಡಗುತ್ತದೆ. ಶಾಖ ಸೇರಿದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಚೀಲದ ಬಾಯನ್ನು ಮಡಚಿ, ಟೇಪು ಸುತ್ತಿ, ಅಡುಗೆಮನೆಯ ಡೀಪ್ ಫ್ರೀಜರಿನಲ್ಲಿ ಮೀನಿನ ಕೆಳಗೆ ಇಟ್ಟೆ. ಅದು ಏಪ್ರಿಲ್ ತಿಂಗಳು. ದಿನಕ್ಕೆರಡು ಸಲ ಕರೆಂಟು ಹೋಗುತ್ತಿತ್ತು, ಅಡುಗೆಯ ಹುಡುಗರು ಗಂಟೆಗೊಮ್ಮೆ ಮುಚ್ಚಳ ತೆಗೆಯುತ್ತಿದ್ದರು.

ಎರಡು ತಿಂಗಳ ಬಳಿಕ ಚೀಲ ಬಿಚ್ಚಿದಾಗ ಮಾವಿನ ಸುಳಿವಿರಲಿಲ್ಲ. ಹಳಸಿದ ಚೀಸಿನ ವಾಸನೆ, ಅದರಡಿಯಲ್ಲಿ ಈರುಳ್ಳಿಯ ಘಾಟು. ಆಗಲೇ ಎಸೆದಿದ್ದರೆ ಹೋಗುತ್ತಿದ್ದುದು ಹಾಪ್ಸ್ ಮಾತ್ರ. ಕೊಟ್ಟ ದುಡ್ಡಿನ ಮೇಲಿನ ಆಸೆಯಿಂದ ಅದನ್ನೇ ಬಿಯರು ಹುದುಗುವ ಟ್ಯಾಂಕಿಗೆ ಸುರಿದೆ. ಮಂಡ್ಯದಿಂದ ಪ್ರತಿ ಶನಿವಾರ ಬರುವ ಗಿರಾಕಿಯೊಬ್ಬರು ಒಂದು ಗುಟುಕು ಕುಡಿದು, "ಏನ್ ಸಾರ್, ಗ್ಲಾಸ್ ತೊಳೆಯೋಕೆ ಮುಂಚೆ ಈರುಳ್ಳಿ ಹೆಚ್ಚಿದ್ರಾ?" ಎಂದು ಕೇಳಿದರು. ಅಷ್ಟೂ ಬಿಯರು ವ್ಯರ್ಥವಾಯಿತು.

ವಿಚಿತ್ರವೆಂದರೆ, ಕೋಣೆಯ ಶಾಖದಲ್ಲಿ ಆರು ತಿಂಗಳಿಟ್ಟರೆ ತನ್ನ ಆಲ್ಫಾ ಆಮ್ಲದ ಸುಮಾರು ಅರ್ಧವನ್ನೇ ಕಳೆದುಕೊಳ್ಳುವ ತಳಿ ಕ್ಯಾಸ್ಕೇಡ್. ಬಾಳಿಕೆಯಲ್ಲಿ ಸಿಟ್ರಾವೇ ಮೇಲು. ಆದರೆ ನಮ್ಮಲ್ಲಿ ಕ್ಯಾಸ್ಕೇಡ್ ಆರು ವಾರವೂ ಉಳಿಯುವುದಿಲ್ಲ. ನಮ್ಮ ಪೇಲ್ ಏಲ್‌ನ ಒಂದು ಕುದಿತಕ್ಕೆ ಕಹಿಗೆಂದು 800 ಗ್ರಾಂ, ಒಲೆ ಆರಿಸಿ ವರ್ಟ್ (ಹುದುಗುವ ಮುನ್ನದ ಸಿಹಿ ರಸ) 80 ಡಿಗ್ರಿಗೆ ಇಳಿದ ಮೇಲೆ ಅದನ್ನು ಸುಳಿಯಾಗಿ ತಿರುಗಿಸುವ ವರ್ಲ್‌ಪೂಲಿನಲ್ಲಿ 700 ಗ್ರಾಂ, ಹುದುಗು ಮುಗಿಯುತ್ತಾ ಬಂದಾಗ ಡ್ರೈ ಹಾಪಿಂಗಿಗೆ ಒಂದು ಕಿಲೋ ಬೇಕು. ಎರಡು ಸಲ ಕುದಿಸಿದರೆ ಐದು ಕಿಲೋ ಪೊಟ್ಟಣದ ತಳ ಕಾಣುತ್ತದೆ. ಸಿಟ್ರಾದಲ್ಲಿ ಆಲ್ಫಾ ಆಮ್ಲ ಶೇಕಡಾ 12ರ ಆಸುಪಾಸು ಇರುವುದರಿಂದ ಕಹಿಗೆ ಇದರರ್ಧ ಸಾಕು ನಿಜ, ಆದರೆ ಪರಿಮಳಕ್ಕೆಂದು ದುಬಾರಿ ಬೆಲೆ ಕೊಟ್ಟು ತಂದದ್ದನ್ನು ಒಂದು ಗಂಟೆ ಕುದಿಸಿ ಆ ಪರಿಮಳವನ್ನು ಹಬೆಯ ಜೊತೆ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಮಾವಿನ ಘಮದ ಐಪಿಎ, ಅಂದರೆ ಹಾಪ್ಸ್ ಹೆಚ್ಚು ಹಾಕಿದ ಬಿಯರು, ನಮ್ಮ ಊರಿನಲ್ಲಿ ತಿಂಗಳಿಗೆ ಎರಡು ಸಲ ಖರ್ಚಾಗುವುದೂ ಇಲ್ಲ.

ಕ್ಯಾಸ್ಕೇಡಿನ ಪರಿಮಳ ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿದಂತೆ, ಹಿಂದೆ ಸ್ವಲ್ಪ ಹೂವಿನ ವಾಸನೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಇಂಗ್ಲೆಂಡಿನ ಫಗಲ್ ತಳಿಯ ವಂಶದಿಂದ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ ಈ ತಳಿಯಲ್ಲಿ ಹೊಸತನವೇನೂ ಉಳಿದಿಲ್ಲವೆಂದು ಮೂಗು ಮುರಿಯುವವರಿದ್ದಾರೆ. ಮಟನ್ ಚಾಪ್ಸ್ ಪಕ್ಕದಲ್ಲಿಟ್ಟುಕೊಂಡು ಮೂರನೆಯ ಗ್ಲಾಸ್ ಕೇಳುವವರಿಗೆ ಆ ಚಿಂತೆ ಇದ್ದಂತಿಲ್ಲ.

ಚೆಕ್ ದೇಶದ ಸಾಜ್ ಬಗ್ಗೆ ಹೆಚ್ಚು ಹೇಳಲಾರೆ. ಒಣಹುಲ್ಲು ಮತ್ತು ಮೆಣಸಿನ ನಡುವಿನ ಅದರ ನಯವಾದ ವಾಸನೆ, ತಂಪಿನಲ್ಲಿ ನಿಧಾನವಾಗಿ ಹುದುಗುವ ಲಾಗರ್ ಬಿಯರಿಗೆ ಒಪ್ಪುತ್ತದೆ, ಆದರೆ ಲಾಗರ್ ಒಂದು ಟ್ಯಾಂಕನ್ನು ಐದಾರು ವಾರ ಹಿಡಿದಿಡುತ್ತದೆ, ನಮ್ಮಲ್ಲಿರುವುದು ನಾಲ್ಕೇ ಟ್ಯಾಂಕು. ದಸರಾ ಹತ್ತಿರವಾದಾಗ ಅದರ ಯೋಚನೆಯನ್ನೂ ಮಾಡುವುದಿಲ್ಲ.

ಮೂರೂ ತಳಿಗೆ ಸಮನಾದ ಒಂದು ಮಾತಿದೆ: ಡ್ರೈ ಹಾಪಿಂಗ್ ಆದ ಕೂಡಲೇ ಟ್ಯಾಂಕನ್ನು ತಣ್ಣಗಾಗಿಸಬಾರದು. ಹಾಪ್ಸಿನಲ್ಲಿರುವ ಕಿಣ್ವಗಳು ಹುದುಗದೆ ಉಳಿದ ಡೆಕ್ಸ್ಟ್ರಿನ್‌ಗಳನ್ನು (ಪಿಷ್ಟ ಒಡೆದು ಆದ ತುಣುಕುಗಳನ್ನು) ಹುದುಗಬಲ್ಲ ಸಕ್ಕರೆಯಾಗಿಸಿ ಹುದುಗನ್ನು ಮತ್ತೆ ಎಬ್ಬಿಸುತ್ತವೆ. ಅದು ಮುಗಿಯುವ ಮುನ್ನ ತಂಪು ಮಾಡಿದರೆ ಬಿಯರಿನಲ್ಲಿ ಬೆಣ್ಣೆಯ ವಾಸನೆ ಉಳಿದುಬಿಡುತ್ತದೆ.

ಈಗ ಗಾಳಿ ತೆಗೆದು ಸೀಲ್ ಮಾಡುವ ಯಂತ್ರವೊಂದನ್ನು ಕೊಂಡಿದ್ದೇನೆ. ನಮಗೆ ಹಾಪ್ಸ್ ಕಳಿಸುವವರು ಸಿಟ್ರಾವನ್ನು ಐದು ಕಿಲೋಗಿಂತ ಸಣ್ಣ ಪೊಟ್ಟಣದಲ್ಲಿ ಕೊಡಲು ಇಂದಿಗೂ ಒಪ್ಪುವುದಿಲ್ಲ. ಆದ್ದರಿಂದ ಮುಂದಿನ ಮಾವಿನ ಕಾಲಕ್ಕೆ ಬೆಂಗಳೂರಿನ ಗೆಳೆಯರೊಬ್ಬರ ಬ್ರೂವರಿಯ ಜೊತೆ ಒಂದು ಪೊಟ್ಟಣ ಹಂಚಿಕೊಳ್ಳುವುದೆಂದು ಮಾತಾಗಿದೆ: ಎರಡು ಕಿಲೋ ನಮಗೆ, ಮೂರು ಕಿಲೋ ಅವರಿಗೆ, ಕತ್ತರಿಸುವ ದಿನವೇ ಇಬ್ಬರದೂ ಸೀಲ್.