ಮೊದಲ ಕಾಳಗ ಹೇಗಿರಬೇಕು: ನಾಲ್ಕು ಸ್ಟಾರ್ಟರ್ ಸೆಟ್‌ಗಳ ಹೋಲಿಕೆ

ಮೇಜಿನ ಸುತ್ತ ಕೂತು, ಒಬ್ಬರು ಕಥೆ ನಡೆಸುತ್ತಾ ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ರೋಲ್‌ಪ್ಲೇಯಿಂಗ್ ಆಟಗಳನ್ನು ಹೊಸಬರಿಗೆ ಕಲಿಸುವ ಡಬ್ಬಿಗಳೇ ಸ್ಟಾರ್ಟರ್ ಸೆಟ್‌ಗಳು. ಆಡುವವರೂ ಹೊಸಬರು, ಆಟ ನಡೆಸುವವರೂ ಹೊಸಬರು ಅಂತಾದರೆ ಪಾತ್‌ಫೈಂಡರ್ ಬಿಗಿನರ್ ಬಾಕ್ಸ್ ತೊಗೊಳ್ಳಿ. ಎರಡನೇ ಆವೃತ್ತಿಯ ನಿಯಮಗಳೊಂದಿಗೆ 2020ರಲ್ಲಿ ಬಂದ ಡಬ್ಬಿ ಅದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಸ್ಟಾರ್ಟರ್ ಸೆಟ್, ಅದರದೇ 2019ರ ಎಸೆನ್ಷಿಯಲ್ಸ್ ಕಿಟ್, ಕಾಲ್ ಆಫ್ ಕ್ಥುಲ್ಹು ಸ್ಟಾರ್ಟರ್ ಸೆಟ್ ಮೂರನ್ನೂ ಆಡಿಸಿ ನೋಡಿದ ಮೇಲೂ ಈ ಮಾತು ಬದಲಾಗಿಲ್ಲ.

ಚೌಕಾಬಾರವನ್ನು ಯಾರೂ ನಿಯಮ ಓದಿ ಕಲಿತಿಲ್ಲ. ಕೈಗೆ ಕವಡೆ ಕೊಟ್ಟು "ಹಾಕು" ಅನ್ನುತ್ತಾರೆ. ಕಟ್ಟೆ ಅಂದರೇನು, ಕಾಯಿ ಹಣ್ಣಾಗುವುದು ಹೇಗೆ ಅನ್ನುವುದು ಕಾಯಿ ಅಲ್ಲಿಗೆ ಬಂದಾಗ ತಿಳಿಯುತ್ತದೆ. ಬಿಗಿನರ್ ಬಾಕ್ಸ್ ಕಲಿಸುವುದೂ ಇದೇ ದಾರಿಯಲ್ಲಿ. ಆಟಗಾರರ 80 ಪುಟದ ಪುಸ್ತಕ ಶುರುವಾಗುವುದೇ ಒಬ್ಬರೇ ಕೂತು ಆಡುವ ಪುಟ್ಟ ಕಥೆಯಿಂದ. ಅದು ಮುಗಿಯುವಷ್ಟರಲ್ಲಿ ಇಪ್ಪತ್ತು ಮುಖದ ದಾಳ ಯಾವಾಗ ಹಾಕಬೇಕು, ಅದಕ್ಕೆ ಏನು ಕೂಡಿಸಬೇಕು ಎಂಬುದು ರೂಢಿಯಾಗಿರುತ್ತದೆ. ಆಟ ನಡೆಸುವವರ 96 ಪುಟದ ಪುಸ್ತಕದಲ್ಲಿ ನೆಲಮಾಳಿಗೆಯ ಒಂದೊಂದು ಕೋಣೆಯೂ ಒಂದೊಂದು ಹೊಸ ನಿಯಮ ಕಲಿಸಲೆಂದೇ ಇದೆ. ಮೊದಲ ಕಾಳಗ ಬರೀ ದೊಡ್ಡ ಇಲಿಗಳ ಜೊತೆ. ಅಡಗುವುದು, ಬಲೆ, ಮಂತ್ರ ಎಲ್ಲ ಆಮೇಲೆ.

2014ರ ಸೆಟ್‌ನಲ್ಲಿ ತೊಡಕಿರುವುದು ಇಲ್ಲೇ. ಬೇರೆಲ್ಲ ಚೆನ್ನಾಗಿರುವ ಡಬ್ಬಿಯ ಮೊದಲ ಅರ್ಧ ಗಂಟೆಯಲ್ಲೇ ಒಂದು ಹೊಂಚುದಾಳಿ: ಪೊದೆಯಲ್ಲಿ ಅಡಗಿದ ನಾಲ್ಕು ಗಾಬ್ಲಿನ್‌ಗಳು, ಅಂದರೆ ಕುಳ್ಳ ರಾಕ್ಷಸರು. ಎರಡು ಮೈಮೇಲೆ ಬರುತ್ತವೆ, ಎರಡು ದೂರದಿಂದ ಬಾಣ ಬಿಡುತ್ತವೆ. ಇಷ್ಟರಲ್ಲಿ ಭಯಪಡುವಂಥದ್ದೇನೂ ಕಾಣುವುದಿಲ್ಲ, ಆದರೆ ಲೆಕ್ಕ ಹಾಕಿ. ಒಂದು ಗಾಬ್ಲಿನ್‌ಗೆ 50 ಎಕ್ಸ್‌ಪಿ (ಗೆದ್ದರೆ ಸಿಗುವ ಅನುಭವದ ಅಂಕ, ಕಾಳಗದ ಕಷ್ಟ ಅಳೆಯುವುದೂ ಇದರಿಂದಲೇ), ನಾಲ್ಕಕ್ಕೆ 200. ಎದುರಾಳಿಗಳು ಮೂರರಿಂದ ಆರರವರೆಗೆ ಇದ್ದರೆ ಆ ಆವೃತ್ತಿಯ ನಿಯಮದಂತೆ ಎರಡರಿಂದ ಗುಣಿಸಬೇಕು, 400 ಆಯಿತು. ಮೊದಲ ಹಂತದ ನಾಲ್ವರು ಆಟಗಾರರಿಗೆ 'ಮಾರಕ' ಅನ್ನುವ ಗೆರೆ ಇರುವುದೂ ಸರಿಯಾಗಿ 400ರಲ್ಲೇ. ಐದನೆಯವರಿದ್ದರೆ ಸ್ವಲ್ಪ ಉಸಿರಾಡಬಹುದು.

ಇದಕ್ಕೆ ಸರ್ಪ್ರೈಸ್ ಬೇರೆ ಸೇರುತ್ತದೆ. ಅಡಗುವಾಗ ಗಾಬ್ಲಿನ್ ದಾಳಕ್ಕೆ 6 ಕೂಡಿಸುತ್ತದೆ, ಹಾಗಾಗಿ ಹೆಚ್ಚಿನವರು ಅವನ್ನು ಕಾಣದೆ ಮೊದಲ ಸುತ್ತು ಸುಮ್ಮನೆ ಕೂರಬೇಕು. ಅಡಗಿದಲ್ಲಿಂದ ಬಿಟ್ಟ ಬಾಣಕ್ಕೆ ಅಡ್ವಾಂಟೇಜ್, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಹಿಡಿಯುವುದು. ಆರ್ಮರ್ ಕ್ಲಾಸ್ (ಏಟು ತಾಗಲು ದಾಳದ ಲೆಕ್ಕ ಮುಟ್ಟಬೇಕಾದ ಅಂಕಿ) 12, ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಹುದು ಎಂಬ ಅಂಕಿ) 8 ಇರುವ ಮಾಂತ್ರಿಕರನ್ನು ಊಹಿಸಿಕೊಳ್ಳಿ. ಒಂದು ಬಾಣ ತಾಗುವ ಸಾಧ್ಯತೆ ಸುಮಾರು ಶೇ 88. ಎರಡೂ ತಾಗಿದರೆ ಹತ್ತರಲ್ಲಿ ಒಂಬತ್ತು ಸಲ ಅವರು ನೆಲಕ್ಕೆ. ಹೊಸಬರು ಹೆಸರು ಬರೆದು, ಟೋಪಿಯ ಬಣ್ಣ ಯೋಚಿಸಿ, ಒಂದು ಏಟನ್ನೂ ಕೊಡದೆ ಡೆತ್ ಸೇವ್‌ಗೆ, ಅಂದರೆ ಬದುಕೋ ಸಾವೋ ಎಂದು ದಾಳ ಹಾಕುವಲ್ಲಿಗೆ ಬಂದಿರುತ್ತಾರೆ.

ಅದೇ ಅರ್ಧ ಗಂಟೆಯಲ್ಲಿ ನಡೆಸುವವರು ಸರ್ಪ್ರೈಸ್, ಇನಿಶಿಯೇಟಿವ್ (ಯಾರ ಸರದಿ ಮೊದಲು ಎಂಬುದು), ಅಡ್ವಾಂಟೇಜ್, ಅಡಗುವಿಕೆ, ಸಾವಿನಂಚಿನ ನಿಯಮ ಐದನ್ನೂ ಹುಡುಕಿ ವಿವರಿಸಬೇಕು. ಪುಟ ತಿರುವುತ್ತಾ ಕೂತರೆ ಮೇಜು ತಣ್ಣಗಾಗುತ್ತದೆ. ಎಲ್ಲರೂ ಬಿದ್ದರೆ ಗಾಬ್ಲಿನ್‌ಗಳು ಲೂಟಿ ಮಾಡಿ, ಪ್ರಜ್ಞೆ ತಪ್ಪಿದವರನ್ನು ಅಲ್ಲೇ ಬಿಟ್ಟು ಹೋಗುತ್ತವೆ ಎಂದು ಪುಸ್ತಕ ದಾರಿ ತೋರಿಸುತ್ತದೆ, ನಿಜ. ಆದರೆ ಜೀವನದ ಮೊದಲ ಕಾಳಗ ಸೋತವರನ್ನು ಮುಂದಿನ ವಾರ ಮತ್ತೆ ಕರೆಸುವುದು ಕಷ್ಟ.

ಈ ಡಬ್ಬಿ ಮನೆಯಲ್ಲಿದ್ದರೆ ಮಾರಬೇಡಿ, ತಿದ್ದಿಕೊಳ್ಳಿ. ಮೊದಲ ಸುತ್ತಿನ ಸರ್ಪ್ರೈಸ್ ತೆಗೆದುಹಾಕಿ. ಆರಂಭಕ್ಕೆ ಎರಡೇ ಗಾಬ್ಲಿನ್ ಇರಲಿ, ಬಿಲ್ಲಿನವು ಮೂರನೇ ಸುತ್ತಿಗೆ ಬರಲಿ. ಅವುಗಳ ಹಿಟ್ ಪಾಯಿಂಟ್ 7ರ ಬದಲು 5 ಮಾಡಿ. ಎರಡು ಸತ್ತ ಕೂಡಲೇ ಉಳಿದವು ಓಡಲಿ. ಅದಾದ ಮೇಲೆ ಐದನೇ ಹಂತದವರೆಗೂ ಸಾಗುವ 64 ಪುಟದ ಆ ಸಾಹಸ ಈ ನಾಲ್ಕು ಡಬ್ಬಿಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಕಥೆ. ಆದರೆ ಇದರಲ್ಲಿ ಹೊಸ ಪಾತ್ರ ಕಟ್ಟುವ ನಿಯಮವಿಲ್ಲ, ಕೊಟ್ಟ ಐದು ಪಾತ್ರಗಳಲ್ಲೇ ಆರಿಸಿಕೊಳ್ಳಬೇಕು.

ಪಾತ್ರ ತಾವೇ ಕಟ್ಟಬೇಕು ಅನ್ನುವವರಿಗೆ ಎಸೆನ್ಷಿಯಲ್ಸ್ ಕಿಟ್ ಸರಿ. ಹನ್ನೊಂದು ದಾಳಗಳಿವೆ, ಅದರಲ್ಲಿ ಇಪ್ಪತ್ತು ಮುಖದ್ದೇ ಎರಡು. ಸೈಡ್‌ಕಿಕ್ (ಜೊತೆಗಾರ ಪಾತ್ರ) ನಿಯಮದಿಂದ ಇಬ್ಬರೇ ಕೂತು ಆಡಬಹುದು, ಗಂಡ ಹೆಂಡತಿ ಮಾತ್ರ ಇರುವ ಮನೆಗೆ ಇದು ದೊಡ್ಡ ಅನುಕೂಲ. ಕಥೆ ಮಾತ್ರ ಚೂರುಚೂರು: ಊರ ಹಲಗೆಯ ಮೇಲೆ ಅಂಟಿಸಿದ ಕೆಲಸಗಳಲ್ಲಿ ಒಂದನ್ನು ಆರಿಸಿಕೊಂಡು ಹೋಗುವುದು. ಶುರುವಿನ ಕೆಲಸಗಳಲ್ಲೊಂದರಲ್ಲಿ ಮ್ಯಾಂಟಿಕೋರ್ ಎಂಬ ಬಲವಾದ ಮೃಗ ಸಿಗುತ್ತದೆ. ಅದರೊಂದಿಗೆ ಮಾತಾಡಿ ದಾಟಬಹುದು ಎಂಬ ಸುಳಿವನ್ನು ನಡೆಸುವವರು ಧಾರಾಳವಾಗಿ ಕೊಡಬೇಕು.

ಕಾಲ್ ಆಫ್ ಕ್ಥುಲ್ಹು ಕತ್ತಿ ಗುರಾಣಿಯ ಆಟವಲ್ಲ, ಪತ್ತೇದಾರಿ. ನೂರರೊಳಗೆ ದಾಳ ಹಾಕಿ ನಿಮ್ಮ ಅಂಕಿಯಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಂದರೆ ಗೆದ್ದಿರಿ, ನಿಯಮ ಅಷ್ಟೇ. ಇದರಲ್ಲೂ ಒಬ್ಬರೇ ಆಡುವ ಪುಸ್ತಕವಿದೆ, ಆಮೇಲೆ ನಡೆಸುವವರು ಮತ್ತು ಒಬ್ಬ ಆಟಗಾರ ಸಾಕಾಗುವ ಕಥೆ, ಆಮೇಲೆ ಗುಂಪಿನದ್ದು. ಕಲಿಸುವ ಕ್ರಮದಲ್ಲಿ ಬಿಗಿನರ್ ಬಾಕ್ಸ್‌ಗೆ ಸರಿಸಾಟಿ ಇದೊಂದೇ. 1920ರ ದಶಕದ ಅಮೆರಿಕ ದೂರ ಅನ್ನಿಸಿದರೆ ಕಥೆಯನ್ನು ಆಗಿನ ಬೆಂಗಳೂರಿಗೇ ತನ್ನಿ. ಪೇಟೆಗೊಂದು ಆಡಳಿತ, ದಂಡಿಗೆ ಇನ್ನೊಂದು ಇದ್ದ ಊರು ಅದು. ಒಂದು ಕಡೆಯ ಪೊಲೀಸರಿಗೆ ಇನ್ನೊಂದು ಕಡೆಯ ಸುದ್ದಿ ತಲುಪದಿರುವುದೇ ಒಳ್ಳೆಯ ಸುಳಿವಾಗುತ್ತದೆ. ಮಕ್ಕಳಿದ್ದರೆ ಬೇಡ.

ಬಿಗಿನರ್ ಬಾಕ್ಸ್‌ನಲ್ಲೂ ಕೊರತೆ ಇದೆ. ಸಿದ್ಧ ಪಾತ್ರಗಳು ನಾಲ್ಕೇ, ಐದನೆಯವರು ಖಾಲಿ ಹಾಳೆಯಲ್ಲಿ ಕಟ್ಟಿಕೊಳ್ಳಬೇಕು, ಅದಕ್ಕೆ ಒಂದು ಗಂಟೆ ಹಿಡಿಯುತ್ತದೆ. ದಾಳ ಒಂದೇ ಸೆಟ್, ಆದ್ದರಿಂದ ಇಪ್ಪತ್ತು ಮುಖದ್ದನ್ನು ಆಳಿಗೊಂದರಂತೆ ಬೇರೆಯಾಗಿ ಕೊಳ್ಳಿ. ಬೆಲೆಯೂ ಹೆಚ್ಚು. ಆದರೆ ನೂರಕ್ಕೂ ಹೆಚ್ಚು ರಟ್ಟಿನ ಬೊಂಬೆಗಳು, ಅವಕ್ಕೆ ಪ್ಲಾಸ್ಟಿಕ್ ಪೀಠಗಳು ಇರುವುದರಿಂದ ಫ್ಯಾನ್ ಕೆಳಗೆ ಆಡಿದರೂ ಏನೂ ಹಾರಿಹೋಗುವುದಿಲ್ಲ. ಎಸೆನ್ಷಿಯಲ್ಸ್‌ನ ಕಾರ್ಡ್‌ಗಳಿಗೆ ಆ ಭಾಗ್ಯವಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ 2014ರದನ್ನು ಸೆಕೆಂಡ್‌ಹ್ಯಾಂಡ್ ಕೊಂಡು ಮೇಲೆ ಹೇಳಿದಂತೆ ತಿದ್ದಿಕೊಳ್ಳಿ.

ಯಾವ ಡಬ್ಬಿಯಾದರೂ ಎರಡು ಕೆಲಸ ಮೊದಲೇ ಮುಗಿಸಿಡಿ. ಓದಿ ಹೇಳಬೇಕಾದ ಇಂಗ್ಲಿಷ್ ಪ್ಯಾರಾಗಳನ್ನು ಹಾಗೇ ಓದಬೇಡಿ, ಕೋಣೆಗೆ ಮೂರು ಕನ್ನಡ ವಾಕ್ಯ ಬರೆದುಕೊಳ್ಳಿ: ಕಾಣುವುದೇನು, ಕೇಳುವುದೇನು, ವಾಸನೆ ಏನು. ಪಾತ್ರದ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ಮೂಲ ಎತ್ತಿಡಿ. ಹಿಟ್ ಪಾಯಿಂಟ್ ಲೆಕ್ಕವನ್ನು ಪೆನ್ಸಿಲ್‌ನಲ್ಲಿ ಬರೆದು ಅಳಿಸುತ್ತಾ ಹೋದರೆ ಎರಡನೇ ವಾರಕ್ಕೆ ಕಾಗದ ತೂತಾಗುತ್ತದೆ. ಅದರ ಬದಲು ಪ್ರತಿಯೊಬ್ಬರ ಮುಂದೆ ಅವರ ಹಿಟ್ ಪಾಯಿಂಟ್ ಎಷ್ಟೋ ಅಷ್ಟು ಹುಣಸೆಬೀಜ ಇಡಿ, ಪೆಟ್ಟು ಬಿದ್ದಾಗ ವಾಪಸ್ ತೆಗೆದುಕೊಳ್ಳಿ.