ಮೈಸೂರಿನಿಂದ ಮೇಲುಕೋಟೆಗೆ ಸೈಕಲ್ ಪ್ಯಾಕೇಜ್: ಮೊದಲ ದಿನಕ್ಕೆ ನನ್ನ ಮಾರ್ಕ್ಸ್

ದಾರಿಗೆ ಹತ್ತಕ್ಕೆ ಒಂಬತ್ತು. ಸೈಕಲ್‌ಗೆ ಐದು. ನಮ್ಮನ್ನು ಹೊರಡಿಸಿದ ಟೈಮಿಗೆ ಮೂರು ಕೊಟ್ಟರೆ ಅದೇ ಜಾಸ್ತಿ. ಕಂಪನಿ ಹೆಸರು ಹಾಕುವುದಿಲ್ಲ. ಇಂಥ ಪ್ಯಾಕೇಜ್ ಮಾಡುವವರು ಈಗ ಸುಮಾರು ಜನ ಇದ್ದಾರೆ, ಯಾರ ಹತ್ತಿರ ಬುಕ್ ಮಾಡಿದರೂ ಮೊದಲ ದಿನ ಇವೇ ಕಷ್ಟ, ಇವೇ ಸುಖ.

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರ್, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕು, ಆಟೋ, ಸೈಕಲ್ ಯಾವುದನ್ನೂ ಬಿಡುವುದಿಲ್ಲ, ಹಾಗಾಗಿ ಸರ್ವಿಸ್ ರಸ್ತೆ, ಹಳೇ ರಸ್ತೆ ಅಂತ ಹುಡುಕಿಕೊಂಡು ಹೋಗಬೇಕು. ಎದುರಿಗೆ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರ್‌ಗಳೇ ಅಲ್ಲಿನ ಮುಖ್ಯ ಆಕರ್ಷಣೆ. ಶ್ರೀರಂಗಪಟ್ಟಣದಲ್ಲಿ ತಿಂಡಿ, ಆಮೇಲೆ ಪೂರ್ಣಯ್ಯನವರು ದಿವಾನರಾಗಿದ್ದಾಗ 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಹತ್ತಿರ ಫೋಟೋ. ತಿಂಡಿ, ಫೋಟೋ ಎರಡಕ್ಕೂ ಬೇಕಾದ್ದಕ್ಕಿಂತ ತುಂಬಾ ಹೊತ್ತು ಹಿಡಿಯಿತು.

ಪಾಂಡವಪುರದ ಕಡೆ ತಿರುಗಿದ ಮೇಲೆ ಕೊಟ್ಟ ದುಡ್ಡು ವಸೂಲಾಗಲು ಶುರು. ಗೈಡ್ ಹುಡುಗ ಇದೇ ಕಡೆಯವನು, ಮೇನ್ ರಸ್ತೆ ಬಿಟ್ಟು ಸ್ವಲ್ಪ ದೂರ ವಿ.ಸಿ. ನಾಲೆ (ವಿಶ್ವೇಶ್ವರಯ್ಯ ನಾಲೆ) ಏರಿ ಮೇಲೆ ಕರೆದುಕೊಂಡು ಹೋದ. ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್. ನೀರು ತಾನಾಗಿ ಹರಿದು ಬರಬೇಕು ಅಂದರೆ ನಾಲೆಗೆ ಇಳಿಜಾರು ತೀರಾ ಕಡಿಮೆ ಇರಬೇಕು, ಗುಡ್ಡ ಅಡ್ಡ ಬಂದರೆ ಅದು ಆದಷ್ಟು ಸುತ್ತಿಕೊಂಡೇ ಹೋಗುತ್ತದೆ, ಹಾಗಾಗಿ ಪಕ್ಕದ ದಾರಿಯಲ್ಲಿ ಏರು ಅನ್ನುವುದೇ ಗೊತ್ತಾಗುವುದಿಲ್ಲ. ಸೈಕಲ್ ಹೊಸದಾಗಿ ಹತ್ತಿದವರಿಗೆ ಇದಕ್ಕಿಂತ ಒಳ್ಳೇ ದಾರಿ ಸಿಗುವುದು ಕಷ್ಟ. ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬು, ಭತ್ತ. ಹೊರೆ ಹುಲ್ಲು ಇಟ್ಟುಕೊಂಡು ಟಿವಿಎಸ್ ಎಕ್ಸೆಲ್ ಮೊಪೆಡ್‌ನಲ್ಲಿ ಬರುತ್ತಿದ್ದ ಒಬ್ಬ ಯಜಮಾನರು ಗಾಡಿ ನಿಧಾನ ಮಾಡಿ, "ಬಸ್ಸೈತಲ್ಲ ಸಾ, ಯಾಕಿಂಗ್ ತುಳೀತೀರಾ?" ಅಂದರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಆದರೆ ನಾಲೆ ಪಕ್ಕ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರಲ್ಲಿ ಇದೇ ತಾಲೂಕಿನ ಕನಗನಮರಡಿ ಹತ್ತಿರ ಬಸ್ಸು ಈ ನಾಲೆಗೇ ಬಿದ್ದು 30 ಜನ ತೀರಿಕೊಂಡರು. ಅದು ನೆನಪಿರುವವರು ಬೆಳಿಗ್ಗೆ ಹೊರಡುವ ಮುಂಚೆ ಒಂದು ಮಾತು ಹೇಳಬೇಕಿತ್ತು ಅಲ್ವಾ: ಅಂಚಿಗೆ ಹೋಗಬೇಡಿ, ಇಬ್ಬಿಬ್ಬರು ಜೊತೆಯಾಗಿ ಬರಬೇಡಿ, ಕಬ್ಬಿನ ಟ್ರಾಕ್ಟರ್ ಬಂದರೆ ಇಳಿದು ನಿಂತುಬಿಡಿ. ಕಬ್ಬಿನ ಲೋಡು ಟ್ರೈಲರ್‌ನಿಂದ ಎರಡೂ ಕಡೆ ಚಾಚಿಕೊಂಡಿರುತ್ತದೆ, ಡ್ರೈವರ್‌ಗೆ ಹಿಂದಿನದು ಕಾಣಿಸುವುದೇ ಇಲ್ಲ. ನಮಗೆ ಹೇಳಿದ್ದು ಹ್ಯಾಶ್‌ಟ್ಯಾಗ್ ಯಾವುದು ಹಾಕಬೇಕು ಅಂತ ಮಾತ್ರ.

ಆಲೆಮನೆಯಲ್ಲಿ ನಿಲ್ಲಿಸಿದ್ದು ಇಡೀ ದಿನದಲ್ಲಿ ಮಾಡಿದ ಅತಿ ಒಳ್ಳೆ ಕೆಲಸ. ಟೂರಿಸ್ಟ್‌ಗಳಿಗೆ ಅಂತ ಸಿಂಗರಿಸಿದ್ದಲ್ಲ, ನಿಜವಾಗಿ ಕೆಲಸ ನಡೆಯುವ ಆಲೆಮನೆ. ಗಾಣದಿಂದ ಕಬ್ಬಿನ ಹಾಲು ಇಳಿಯುವುದು, ಒಣಗಿದ ಸಿಪ್ಪೆಯನ್ನೇ ಒಲೆಗೆ ತಳ್ಳುವುದು, ಕೊಪ್ಪರಿಗೆಯಲ್ಲಿ ಮೇಲೆ ಬಂದ ಕೊಳೆ ತೆಗೆಯುತ್ತಾ ಪಾಕದ ಹದ ನೋಡುವುದು, ಎಲ್ಲ ಹತ್ತಿರದಿಂದ ನೋಡಿದೆವು. ಬಿಸಿ ಬೆಲ್ಲ ಒಂದೊಂದು ತುಂಡು ಕೈಗೆ ಹಾಕಿದರು. ಎನರ್ಜಿ ಬಾರ್ ತಂದಿದ್ದವರು ಅದನ್ನು ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ.

ಇನ್ನು ಸೈಕಲ್. ನೋಡಲು ಹೊಸದು, ಹೈಬ್ರಿಡ್, ಮುಂದೆ ಮೂರು, ಹಿಂದೆ ಏಳು ಗೇರ್. ಆದರೆ ನನ್ನದರಲ್ಲಿ ಮುಂದಿನ ಚೈನು ಚಿಕ್ಕ ಚಕ್ರಕ್ಕೆ ಇಳಿಯುತ್ತಲೇ ಇರಲಿಲ್ಲ. ಬಯಲಿನಲ್ಲಿ ಅದು ಬೇಕಾಗುವುದಿಲ್ಲ, ಏರು ಬಂದಾಗಲೇ ಬೇಕಾಗುವುದು, ಈ ಪ್ರವಾಸದ ಏರು ಮೇಲುಕೋಟೆಯಲ್ಲಿ. ಒಂದು ಸ್ಕ್ರೂ ತಿರುಗಿಸಿದರೆ ಸರಿಹೋಗುವಂಥ ಕೆಲಸ. ಅದನ್ನು ಮಾಡಬಲ್ಲವನು ವ್ಯಾನಿನಲ್ಲಿದ್ದ, ವ್ಯಾನು ಊಟ ತರಲು ಹೋಗಿತ್ತು! ಸೀಟಿನ ಎತ್ತರವನ್ನೂ ಒಬ್ಬೊಬ್ಬರನ್ನು ಕೂರಿಸಿ ನೋಡದೆ ಅಂದಾಜಿನಲ್ಲೇ ಇಟ್ಟಿದ್ದರು, ಸಂಜೆಗೆ ಕೆಲವರು ಮಂಡಿ ಹಿಡಿದುಕೊಂಡು ಕೂತರು. ಒಂದು ವಿಷಯ ಮಾತ್ರ ಮೆಚ್ಚಿದೆ: ಟ್ಯೂಬಿಗೆ ಬೈಕಿನ ಥರದ್ದೇ ವಾಲ್ವ್ ಹಾಕಿಸಿದ್ದರು, ಯಾವ ಹಳ್ಳಿಯ ಪಂಚರ್ ಅಂಗಡಿಯಲ್ಲಾದರೂ ಗಾಳಿ ಹೊಡೆಸಬಹುದು. ಫ್ಯಾನ್ಸಿ ಸೈಕಲ್‌ಗಳ ತೆಳ್ಳನೆ ವಾಲ್ವ್‌ಗೆ ಅಲ್ಲಿನ ಪಂಪು ಕೂರುವುದಿಲ್ಲ.

ತೊಣ್ಣೂರು ಕೆರೆ ನೋಡಲೇಬೇಕು, ನೀರು ಅಷ್ಟು ತಿಳಿ. ನಂಬಿನಾರಾಯಣ ದೇವಸ್ಥಾನಕ್ಕೆ ಮಾತ್ರ ಟೈಮ್ ಇಲ್ಲ ಅಂದರು, ಬೆಳಿಗ್ಗೆ ಕಳೆದ ಹೊತ್ತಿಗೆ ಇಲ್ಲಿ ಕತ್ತರಿ. ಜಕ್ಕನಹಳ್ಳಿಯಿಂದ ಮೇಲುಕೋಟೆ ಕಡೆ ತಿರುಗುವಾಗ ಸುಡುವ ಬಿಸಿಲು. ಆರೂವರೆಗೆ ಬಿಟ್ಟಿದ್ದರೆ ಬಿಸಿಲೇರುವ ಮುಂಚೆ ಬೆಟ್ಟ ಹತ್ತಿಬಿಡಬಹುದಿತ್ತು. ಎಂಟೂವರೆ ದಾಟಿಸಿ ಹೊರಡಿಸಿದ್ದರಿಂದ ಅರ್ಧ ಜನ ಸೈಕಲ್ ತಳ್ಳಿಕೊಂಡು ಹತ್ತಿದರು, ಕೆಲವರು ವ್ಯಾನ್ ಹತ್ತಿದರು. ಮೇಲೆ ಹೋದರೆ ಚೆಲುವನಾರಾಯಣನ ಬಾಗಿಲು ಮಧ್ಯಾಹ್ನಕ್ಕೆ ಹಾಕಿಯಾಗಿತ್ತು. ಸಂಜೆ ದರ್ಶನ ಆಯಿತು ಬಿಡಿ. ಪುಳಿಯೋಗರೆ ಸಿಕ್ಕಿತು, ಅದರ ಬಗ್ಗೆ ತಕರಾರಿಲ್ಲ. ರೂಮು ಸುಮಾರು, ಬಿಸಿನೀರು ಬಂತು, ಸಾಕು.

ಬುಕ್ ಮಾಡುವ ಮುಂಚೆ ಫೋನಿನಲ್ಲೇ ಕೇಳಿ: ಬೆಳಿಗ್ಗೆ ಎಷ್ಟು ಗಂಟೆಗೆ ಪೆಡಲ್ ತುಳಿಯುತ್ತೇವೆ, ಮೆಕ್ಯಾನಿಕ್ ನಮ್ಮ ಹಿಂದೆಯೇ ಇರುತ್ತಾನಾ, ಹಿಂದಿನ ಸಂಜೆಯೇ ಸೈಕಲ್ ಕೊಟ್ಟು ಸೀಟು ಹೊಂದಿಸುತ್ತಾರಾ. ಮೂರಕ್ಕೂ ಸರಿಯಾದ ಉತ್ತರ ಬಂದರೆ ಕಣ್ಣು ಮುಚ್ಚಿ ದುಡ್ಡು ಕಟ್ಟಿ. ಹಾಂ, ಮರುದಿನ ಅದೇ ಬೆಟ್ಟ ಇಳಿಯಬೇಕು, ರಾತ್ರಿ ಮಲಗುವ ಮುಂಚೆ ಬ್ರೇಕ್ ರಬ್ಬರ್ ನೀವೇ ನೋಡಿಕೊಳ್ಳಿ.