ಎಲ್‌ಪಿ, ಕ್ಯಾಸೆಟ್, ಮೊಬೈಲ್, ಸಿಡಿ: ಬಳ್ಳಾರಿ ಬಿಸಿಲಲ್ಲಿ ಜಾಜ್ ಕೇಳಲು ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ. ಬಳ್ಳಾರಿಯಂಥ ಊರಲ್ಲಿ ಜಾಜ್ ಆಗಲಿ, ಹಿಂದೂಸ್ತಾನಿ ಆಗಲಿ ಮನಸ್ಸಿಟ್ಟು ಕೇಳುವವರಿಗೆ ಸಿಡಿಯೇ ಸರಿ. ಸಿಡಿ ಕೊಂಡು, ಅದನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ವೈರ್ ಎಳೆದ ಸ್ಪೀಕರಿನಲ್ಲಿ ಕೇಳಬೇಕು. ಎಲ್‌ಪಿ (ದೊಡ್ಡ ಕಪ್ಪು ರೆಕಾರ್ಡ್) ನುಡಿಸುವ ಟರ್ನ್‌ಟೇಬಲ್‌ಗೆ ಹಾಕಿದ ದುಡ್ಡಿನ ಅರ್ಧದಲ್ಲೇ ಇದಿಷ್ಟೂ ಆಗುತ್ತಿತ್ತು. ಮುಂದೆ ಬರೆದಿರುವುದು ಎರಡು ಬೇಸಿಗೆ ಒಂದೇ ಕೋಣೆಯಲ್ಲಿ, ಒಂದೇ ಆಂಪ್ಲಿಫೈಯರ್ ಮತ್ತು ಅದೇ ಜೋಡಿ ಸ್ಪೀಕರ್ ಇಟ್ಟುಕೊಂಡು, ಅವೇ ನಾಲ್ಕೈದು ಆಲ್ಬಂಗಳನ್ನು ಮತ್ತೆ ಮತ್ತೆ ಹಾಕಿ ಕಂಡುಕೊಂಡದ್ದು.

ಎಲ್‌ಪಿಯ ಸೊಗಸಿನ ಬಗ್ಗೆ ತಕರಾರಿಲ್ಲ. ಚೆನ್ನಾಗಿ ಒತ್ತಿದ ಪ್ರತಿ ಸಿಕ್ಕರೆ ಸ್ಯಾಕ್ಸೊಫೋನಿನ ಉಸಿರು ಕೋಣೆಯಲ್ಲೇ ಆಡಿದಂತೆ ಕೇಳುತ್ತದೆ. ಹೊದಿಕೆ ದೊಡ್ಡದು, ಯಾರು ಯಾವ ವಾದ್ಯ ನುಡಿಸಿದ್ದಾರೆ ಎಂದು ಕನ್ನಡಕವಿಲ್ಲದೆ ಓದಬಹುದು. ಒಂದು ಮಗ್ಗುಲಿಗೆ ಹೆಚ್ಚೆಂದರೆ 20-22 ನಿಮಿಷ, ಜಾಜ್‌ಗೆ ಅದು ಹದವಾದ ಅಳತೆ. ಹಿಂದೂಸ್ತಾನಿಯ ಖಯಾಲ್ ಗಾಯನಕ್ಕೆ ಸಾಲದು. ವಿಲಂಬಿತ್, ಅಂದರೆ ನಿಧಾನ ಲಯದ ಭಾಗ, ಬಿಚ್ಚಿಕೊಳ್ಳುವ ಹೊತ್ತಿಗೆ ಮಗ್ಗುಲು ಮುಗಿದಿರುತ್ತದೆ.

ಎಲ್‌ಪಿ ಸೋತದ್ದು ಗುಂಯ್‌ಗುಡುವ ಸದ್ದಿನಿಂದ. ಅದರ ಕಾರಣ ಗೊತ್ತಿದ್ದರೆ ಅರ್ಧ ಕಷ್ಟ ಕಡಿಮೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಸೂಜಿ ಹಿಡಿದಿರುವ ಕಾರ್ಟ್‌ರಿಜ್‌ನಿಂದ ಹೊರಡುವ ಸಿಗ್ನಲ್ ಬರೀ 3ರಿಂದ 5 ಮಿಲಿವೋಲ್ಟ್. ಫೋನೊ ಪ್ರೀಆಂಪ್ ಅದನ್ನು ಸುಮಾರು 100 ಪಟ್ಟು ಹಿಗ್ಗಿಸುತ್ತದೆ. ಇದರ ಜೊತೆಗೆ ಆರ್‌ಐಎಎ ಎಂಬ, ರೆಕಾರ್ಡ್ ಕೊರೆಯುವವರು ಪಾಲಿಸುವ ಲೆಕ್ಕ ಒಂದಿದೆ. ರೆಕಾರ್ಡ್ ಕೊರೆಯುವಾಗ ಮಂದ್ರದ ಸ್ವರಗಳನ್ನು ತಗ್ಗಿಸಿರುತ್ತಾರೆ, ಇಲ್ಲದಿದ್ದರೆ ಗೆರೆಗಳು ಅಗಲವಾಗಿ ಒಂದರ ಮೇಲೊಂದು ಹತ್ತಿಬಿಡುತ್ತವೆ. ನುಡಿಸುವಾಗ ಪ್ರೀಆಂಪ್ ಅವನ್ನು ಮತ್ತೆ ಎತ್ತುತ್ತದೆ. 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಹತ್ತಿರ ಆ ಎತ್ತುವಿಕೆ ಇನ್ನೂ 7 ಪಟ್ಟು. ಮನೆಗೆ ಬರುವ ಕರೆಂಟು ಕೂಡ 50 ಹರ್ಟ್ಸೇ. ಹಾಗಾಗಿ ಎಲ್ಲೋ ನುಸುಳಿದ ಚೂರು ಕರೆಂಟಿನ ಸದ್ದು ಸ್ಪೀಕರ್ ಮುಟ್ಟುವಷ್ಟರಲ್ಲಿ 700 ಪಟ್ಟು ಬೆಳೆದಿರುತ್ತದೆ. 49 ಹರ್ಟ್ಸ್ ಎಂದರೆ ಡಬಲ್ ಬಾಸ್‌ನ ಕೆಳಗಿನ ಜಿ ಸ್ವರ. ಗುಂಯ್ ಸದ್ದು ಸರಿಯಾಗಿ ಅದರ ಪಕ್ಕದಲ್ಲೇ ಕೂತು ಬಾಸ್ ನಡೆಯನ್ನೆಲ್ಲ ಕಲಸಿಹಾಕುತ್ತದೆ. ಖಯಾಲ್ ಹಾಕಿದರಂತೂ ಶ್ರುತಿ ಸೇರದ ಇನ್ನೊಂದು ತಂಬೂರಿ ಹಿಂದೆ ಮೀಟಿದ ಹಾಗೆ, ಐದು ನಿಮಿಷ ಕೂರಲಾಗುವುದಿಲ್ಲ.

ಹುಡುಕುವ ಕ್ರಮ ಹೀಗೆ. ರೆಕಾರ್ಡ್ ನಿಲ್ಲಿಸಿ, ವಾಲ್ಯೂಮ್ ತಗ್ಗಿಸಿ, ಟರ್ನ್‌ಟೇಬಲ್‌ನ ಸದ್ದು ಸಾಗಿಸುವ ವೈರಿನ ಎರಡು ಆರ್‌ಸಿಎ ಪಿನ್ನುಗಳನ್ನು ಕಿತ್ತು, ಮತ್ತೆ ವಾಲ್ಯೂಮ್ ಏರಿಸಿ ಕೇಳಿ. ಆಗಲೂ ಗುಂಯ್ ಎಂದರೆ ದೋಷ ಆಂಪ್ಲಿಫೈಯರಿನ ಕಡೆಗಿದೆ. ಸದ್ದು ನಿಂತರೆ ಟರ್ನ್‌ಟೇಬಲ್ ಕಡೆ. ಆಗ ಮೊದಲು ತೆಳ್ಳನೆಯ ಗ್ರೌಂಡ್ ವೈರ್ ನೋಡಿ, ಪ್ರೀಆಂಪಿನ ತಿರುಪಿಗೆ ಬಿಗಿಯಾಗಿರಬೇಕು. ಆಮೇಲೆ ಕಾರ್ಟ್‌ರಿಜ್ ಕೂರಿಸಿದ ಹೆಡ್‌ಶೆಲ್‌ನ ನಾಲ್ಕು ವೈರು: ಬಿಳಿ, ನೀಲಿ ಎಡ ಚಾನಲ್‌ಗೆ, ಕೆಂಪು, ಹಸಿರು ಬಲಕ್ಕೆ. ಒಂದು ಸಡಿಲವಾಗಿದ್ದರೂ ಆ ಕಡೆಯ ಸ್ಪೀಕರ್ ಮಾತ್ರ ಗುಂಯ್‌ಗುಡುತ್ತದೆ. ಇಕ್ಕಳದಿಂದ ಮೆಲ್ಲಗೆ ಹಿಡಿದು ಒತ್ತಿ. ಮೂರನೆಯದು ದೂರ. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಕಾರ್ಟ್‌ರಿಜ್‌ಗೆ ಎರಡು ಅಡಿಗಿಂತ ಹತ್ತಿರ ಇರಬಾರದು. ಒಂದರ ಮೇಲೊಂದು ಪೇರಿಸಿಟ್ಟರೆ ಏನು ಮಾಡಿದರೂ ಸದ್ದು ಹೋಗುವುದಿಲ್ಲ. ನಾಲ್ಕನೆಯದು, ಎಲ್ಲ ಸಾಮಾನಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್ ಇರಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಉಳಿದರೆ ಅದು ಮನೆಯ ಅರ್ತಿಂಗ್. ಮೀಟರ್ ಇರುವ ಎಲೆಕ್ಟ್ರೀಷಿಯನ್ ಕರೆಸಿ ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ನೋಡಿಸಿ. 2 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಇಲ್ಲಿ ಮೇ ತಿಂಗಳಲ್ಲಿ 11 ತೋರಿಸಿತು. ಕಾರಣ ಎರೆ ನೆಲ. ಮಳೆಗಾಲದಲ್ಲಿ ಉಬ್ಬಿ ಅರ್ತ್ ಪೈಪನ್ನು ಬಿಗಿಯಾಗಿ ಹಿಡಿದಿರುವ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಪೈಪಿಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು. ಎರಡು ಕೊಡ ನೀರು ಹೊಯ್ದ ಮರುದಿನ ಮೀಟರ್ 3ಕ್ಕೆ ಇಳಿಯಿತು, ಸದ್ದೂ ಇಳಿಯಿತು. ಹತ್ತು ದಿನಕ್ಕೆ ಮತ್ತೆ ಏರಿತು. ಗುಂಡಿಯನ್ನು ಅಗೆಸಿ ಇದ್ದಿಲು, ಉಪ್ಪು ಪದರ ಪದರವಾಗಿ ಹಾಕಿಸಿದರೆ ತುಸು ಹೆಚ್ಚು ಕಾಲ ನಿಲ್ಲುತ್ತದೆ, ಆದರೂ ಏಪ್ರಿಲ್-ಮೇನಲ್ಲಿ ವಾರಕ್ಕೊಂದು ಸಲ ನೀರು ತಪ್ಪಿಸುವಂತಿಲ್ಲ. ಎಷ್ಟೋ ಬಾಡಿಗೆ ಮನೆಗಳಲ್ಲಿ ಮೂರನೇ ಪಿನ್ನಿಗೆ ವೈರೇ ಎಳೆದಿರುವುದಿಲ್ಲ, ಅದನ್ನೂ ತೆಗೆಸಿ ನೋಡಬೇಕು. ಸದ್ದು ಹೋಗಲಿ ಎಂದು ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಆಂಪ್ಲಿಫೈಯರಿನ ಒಳಗೆ ಏನಾದರೂ ಕೆಟ್ಟರೆ ಕರೆಂಟು ಸೀದಾ ಮೈಗೇ ಬರುತ್ತದೆ.

ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಓಡಿಸಿದರೆ ಬೇರೆಯೇ ತಾಪತ್ರಯ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ 150, 250 ಹರ್ಟ್ಸ್‌ನಲ್ಲೂ ಜುಂಯ್ ಎನ್ನುತ್ತದೆ. ಎಸಿ ಸಿಂಕ್ರೊನಸ್ ಮೋಟಾರಿನ, ಅಂದರೆ ಕರೆಂಟಿನ ಹರ್ಟ್ಸ್‌ಗೆ ತಕ್ಕಂತೆ ತಿರುಗುವ ಟರ್ನ್‌ಟೇಬಲ್ ಇದ್ದರೆ ಶ್ರುತಿಯೇ ಬದಲಾಗುತ್ತದೆ. ಇನ್ವರ್ಟರ್ 50ರ ಬದಲು 51 ಹರ್ಟ್ಸ್ ಕೊಟ್ಟರೆ ವೇಗ ನೂರಕ್ಕೆ 2 ಏರಿ, ಸ್ವರ ಅರ್ಧ ಸ್ವರದ ಮೂರರಲ್ಲಿ ಒಂದು ಪಾಲು ಮೇಲೆ ಹೋಗುತ್ತದೆ. ಡಿಸಿ ಮೋಟಾರಿನದಕ್ಕೆ ಈ ಕಾಟವಿಲ್ಲ.

ಧೂಳಿನ ಮಾತು ಚಿಕ್ಕದು. ಇಲ್ಲಿನ ಕೆಂಧೂಳಿನಲ್ಲಿ ಅದಿರಿನ ಹೆಮಟೈಟ್ ಪುಡಿ ಇರುತ್ತದೆ, ರೆಕಾರ್ಡಿನ ವಿನೈಲ್ ಪ್ಲಾಸ್ಟಿಕ್‌ಗಿಂತ ಎಷ್ಟೋ ಗಟ್ಟಿ. ಸೂಜಿ 2 ಗ್ರಾಂ ಭಾರದಲ್ಲಿ ಅದನ್ನು ಗೆರೆಯೊಳಗೆ ಅರೆಯುತ್ತದೆ, ಚಟಪಟ ಸದ್ದು ಕಾಯಂ ಆಗುತ್ತದೆ. ಪ್ರತಿ ಸಲ ಕಾರ್ಬನ್ ಫೈಬರ್ ಬ್ರಷ್, ಕಿಟಕಿ ಮುಚ್ಚಿದ ಕೋಣೆ, ನೇರ ನಿಲ್ಲಿಸಿದ ರೆಕಾರ್ಡುಗಳು. 42 ಡಿಗ್ರಿ ಬಿಸಿಲಲ್ಲಿ ಒರಗಿಸಿಟ್ಟದ್ದು ಒಂದೇ ಬೇಸಿಗೆಗೆ ಡೊಂಕಾಗುತ್ತದೆ.

ಕ್ಯಾಸೆಟ್ ಕೇಳುವುದಕ್ಕಲ್ಲ, ಉಳಿಸುವುದಕ್ಕೆ. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನಗಳು, ರಂಗಗೀತೆ, ಬಯಲಾಟ ಇಂಥವು ಮನೆಯ ಟ್ರಂಕಿನಲ್ಲಿದ್ದರೆ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸಿ. ಟೇಪ್ ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಅದರ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ತಾಳದ ಕಿಣಿಕಿಣಿ ಅತಿ ಸ್ಪಷ್ಟವಾದ ಜಾಗದಲ್ಲಿ ನಿಲ್ಲಿಸಿ, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೆಲ್ಟ್ ಸೆಖೆಗೆ ಹಿಗ್ಗಿರುತ್ತದೆ, ಹೊಸದು ಹಾಕಿಸಿಯೇ ಶುರುಮಾಡಿ.

ಮೊಬೈಲ್ ಆ್ಯಪ್ ಮತ್ತು ಬ್ಲೂಟೂತ್ ಸ್ಪೀಕರ್ ಹೊಸದನ್ನು ಹುಡುಕಲು ಬಹಳ ಒಳ್ಳೆಯದು. ಜಾಜ್ ವಾದಕರಲ್ಲಿ ಮಾಂಕ್ ಯಾರು, ಮಿಂಗಸ್ ಯಾರು ಎಂದು ಒಂದು ಸಂಜೆಯಲ್ಲಿ ರುಚಿ ನೋಡಬಹುದು, ಹಣ ಖರ್ಚಿಲ್ಲ. ಆದರೆ ಅಂಗೈ ಅಗಲದ ಸ್ಪೀಕರ್ 80-100 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚುಕಡಿಮೆ ಮೂಕ. ಡಬಲ್ ಬಾಸ್‌ನ ಕೆಳತಂತಿ 41 ಹರ್ಟ್ಸ್. ಬಾಸ್ ಇಲ್ಲದ ಜಾಜ್ ಎಂದರೆ ಡಗ್ಗಾ ಇಲ್ಲದೆ ತಬಲಾ ಕೇಳಿದ ಹಾಗೆ. ವಾದಕರ ಹೆಸರುಗಳು ಎಷ್ಟೋ ಕಡೆ ಇರುವುದೇ ಇಲ್ಲ. ಜಾಜ್‌ನಲ್ಲಿ ಡ್ರಮ್ಸ್ ಯಾರದು ಎಂದು ಗೊತ್ತಿಲ್ಲದಿದ್ದರೆ ಮುಂದಿನ ಆಲ್ಬಂ ಹುಡುಕುವ ದಾರಿಯೇ ಮುಚ್ಚಿದ ಹಾಗೆ.

ಹಾಡುಗಳ ನಡುವೆ ಕಡಿಯುವುದೂ ಇದೆ. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1964ರ ಡಿಸೆಂಬರ್ 9ರಂದು ಮುದ್ರಿಸಿದ ‘ಅ ಲವ್ ಸುಪ್ರೀಮ್’ನ ಮೂರನೇ ಭಾಗದ ಕೊನೆಗೆ ಜಿಮ್ಮಿ ಗ್ಯಾರಿಸನ್ ಒಬ್ಬರೇ ಬಾಸ್ ನುಡಿಸುತ್ತಾರೆ, ಅದರಿಂದಲೇ ನಾಲ್ಕನೇ ಭಾಗ ಹುಟ್ಟುತ್ತದೆ. ಇಲ್ಲಿ ಅರ್ಧ ಸೆಕೆಂಡ್ ಖಾಲಿ ಬಿದ್ದರೂ ಕಟ್ಟಿದ ಮನಸ್ಸು ಒಡೆಯುತ್ತದೆ. ಆ್ಯಪ್‌ನ ಸೆಟ್ಟಿಂಗ್ಸಿನಲ್ಲಿ ಗ್ಯಾಪ್‌ಲೆಸ್ (ನಡುವೆ ಖಾಲಿ ಬಿಡದಿರುವುದು) ಆನ್ ಮಾಡಿ, ಕ್ರಾಸ್‌ಫೇಡ್ (ಒಂದು ಹಾಡನ್ನು ಇನ್ನೊಂದರಲ್ಲಿ ಬೆರೆಸುವುದು) 0ಗೆ ಇಟ್ಟು, ವಾಲ್ಯೂಮ್ ಸಮ ಮಾಡುವ ಆಯ್ಕೆಯನ್ನು ಆಫ್ ಮಾಡಿ. ಆದರೂ ನೆಟ್‌ವರ್ಕ್ ಎಡವಿದರೆ ಕಡಿದೇ ಕಡಿಯುತ್ತದೆ.

ಈಗ ಸಿಡಿ. ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆಯುವ 16 ಬಿಟ್, 44.1 ಕಿಲೊಹರ್ಟ್ಸ್ ಎಂಬ 1982ರ ಲೆಕ್ಕ ಕಿವಿಗೆ ಇವತ್ತಿಗೂ ಸಾಕು. ಹಳೆ ಸಿಡಿಗಳು ಎಲ್‌ಪಿಯ ಬೆಲೆಯ ಒಂದು ಚೂರಿಗೆ ಸಿಗುತ್ತವೆ. ಕಾರ್ಖಾನೆಯಲ್ಲಿ ಒತ್ತಿದ ಸಿಡಿ ನಮ್ಮ ಸೆಖೆ ತಡೆಯುತ್ತದೆ. ಮನೆಯಲ್ಲಿ ಬರೆದ ಸಿಡಿ-ಆರ್ ತಡೆಯುವುದಿಲ್ಲ, ಅದರ ಬಣ್ಣದ ಪದರ ಮಾಸುತ್ತದೆ.

ಸಿಡಿಯನ್ನು ಇಳಿಸಿಕೊಳ್ಳಲು ಯುಎಸ್‌ಬಿ ಡಿವಿಡಿ ಡ್ರೈವ್, ಹಳೇ ಲ್ಯಾಪ್‌ಟಾಪ್ ಸಾಕು. ಸಿಡಿಯನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಇಳಿಸುವ ತಂತ್ರಾಂಶ ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ. ಸೆಕ್ಯೂರ್ ಮೋಡ್ ಇಟ್ಟರೆ ಗೀರು ಬಿದ್ದ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ಕೊನೆಗೆ ಆಕ್ಯುರೇಟ್‌ರಿಪ್ ವರದಿಯಲ್ಲಿ ಬೇರೆಯವರ ರಿಪ್‌ಗೆ (ಇಳಿಸಿಕೊಂಡ ಪ್ರತಿಗೆ) ತಾಳೆಯಾಗಿದೆಯೇ ನೋಡಿ. ಗುಣ ಕಳೆಯದೆ ಗಾತ್ರ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ ಉಳಿಸಿ, ಒಂದು ಆಲ್ಬಂ ಸುಮಾರು 300 ಎಂಬಿ, 1 ಟಿಬಿಯಲ್ಲಿ 3000 ಆಲ್ಬಂ. ವಾದಕರ ಹೆಸರನ್ನು ಪುಸ್ತಿಕೆ ನೋಡಿ ನೀವೇ ಟೈಪ್ ಮಾಡಿ. ಎರಡನೇ ಪ್ರತಿ ಇನ್ನೊಂದು ಮನೆಯಲ್ಲಿರಲಿ, ಆಂಪ್ಲಿಫೈಯರ್ ತಲೆಯ ಮೇಲೆ ಡಿಸ್ಕ್ ಇಡಬೇಡಿ.

ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಅಂಕೆಗಳನ್ನು ಸದ್ದಿನ ಸಿಗ್ನಲ್ ಮಾಡುವ ಪೆಟ್ಟಿಗೆ), ಅಲ್ಲಿಂದ ಆಂಪ್ಲಿಫೈಯರ್. ಕೇಳುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಡಿ. ಬ್ಯಾಟರಿ ಮೇಲೆ ಓಡಿದಾಗ ಎರಡು ಅರ್ತ್ ದಾರಿಗಳ ನಡುವೆ ಕರೆಂಟು ಹರಿಯುವ ಅರ್ತ್ ಸುತ್ತು ಕಡಿದು, ಗುಂಯ್ ಪೂರ್ತಿ ಅಡಗುತ್ತದೆ. ಟರ್ನ್‌ಟೇಬಲ್‌ಗೆ ತಿಂಗಳುಗಟ್ಟಲೆ ಹೆಣಗಿದ್ದು ಇಲ್ಲಿ ಒಂದು ಪಿನ್ನು ಕಿತ್ತಷ್ಟರಲ್ಲಿ ಮುಗಿಯಿತು.

ಸಿಡಿ ಕೊಳ್ಳುವಾಗ ಇಸವಿ ನೋಡಬೇಕು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ವಿನ ಮೊದಲ ಮಗ್ಗುಲಿನ ಮೂರೂ ಹಾಡು 1959ರ ಮಾರ್ಚ್ 2ರಂದು ಮುದ್ರಣವಾದವು. ಆ ದಿನ ಮುಖ್ಯ ಟೇಪ್ ಯಂತ್ರ ತುಸು ನಿಧಾನ ಓಡುತ್ತಿತ್ತು, ಹಾಗಾಗಿ ಅದರಿಂದ ಮಾಡಿದ ಎಲ್‌ಪಿಗಳೂ ಮೊದಮೊದಲ ಸಿಡಿಗಳೂ ಶ್ರುತಿ ಏರಿಸಿಕೊಂಡೇ ನುಡಿಯುತ್ತವೆ. ಜೊತೆಯಲ್ಲೇ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪಿನಿಂದ 1992ರಲ್ಲಿ ಅದನ್ನು ಸರಿಪಡಿಸಿದರು. ತಂಬೂರಿಗೆ ಪಳಗಿದ ಕಿವಿಗೆ ಎರಡನ್ನೂ ಒಂದರ ಹಿಂದೊಂದು ಹಾಕಿದರೆ ತಕ್ಷಣ ತಿಳಿಯುತ್ತದೆ. ಶ್ರುತಿ ಸರಿಪಡಿಸಿದ, 1992ರ ನಂತರದ್ದೇ ಕೊಳ್ಳಿ.

ಕೋಣೆಗೂ ಸ್ವಲ್ಪ ಖರ್ಚು ಮಾಡಿ, ಅದೂ ಕೆಲವು ನೂರು ರೂಪಾಯಿ. ಶಹಾಬಾದ್ ಕಲ್ಲಿನ ನೆಲ, ಬೋಳು ಗೋಡೆ ಇದ್ದರೆ ಸಿಂಬಲ್ ಸದ್ದು ಚೆಲ್ಲಾಪಿಲ್ಲಿ. ಸ್ಪೀಕರಿನ ಮುಂದೆ ದಪ್ಪ ಜಮಖಾನ ಹಾಸಿ, ಕೂರುವ ಜಾಗದ ಹಿಂದಿನ ಗೋಡೆಗೆ ಒಂದು ಕೌದಿ ತೂಗುಹಾಕಿ. ಬ್ರಷ್‌ನಿಂದ ಡ್ರಮ್ ಸವರುವ ಸದ್ದು ಆಗ ಬಿಡಿಬಿಡಿಯಾಗಿ ಕೇಳಿಸುತ್ತದೆ. ಕೂಲರ್ ಓಡುತ್ತಿದ್ದರೆ ಬಾಸ್ ಸೋಲೊ ಹಾಕಬೇಡಿ, ಫ್ಯಾನಿನ ಭೋರ್ಗರೆತದಲ್ಲಿ ಮುಳುಗಿಹೋಗುತ್ತದೆ. ಬೇಸಿಗೆ ಮಧ್ಯಾಹ್ನಕ್ಕೆ ಕಿವಿ ಮುಚ್ಚುವ ವೈರ್ಡ್ ಹೆಡ್‌ಫೋನ್, ರಾತ್ರಿ ಹತ್ತರ ಮೇಲೆ ಸ್ಪೀಕರ್. ರಾತ್ರಿಗೊಂದು ಆಲ್ಬಂ ಮೊದಲಿಂದ ಕೊನೆವರೆಗೆ ಕೇಳುವ ಅಭ್ಯಾಸ ನನ್ನದು, ಅದಕ್ಕೆ ಈ ಏರ್ಪಾಡು ಹೇಳಿಮಾಡಿಸಿದ ಹಾಗಿದೆ. ದಿನಕ್ಕೆ ಹತ್ತು ಹಾಡು ಅಲ್ಲಲ್ಲಿ ಕೇಳುವವರಿಗೆ ಮೊಬೈಲೇ ಸಾಕು. ಎಲ್‌ಪಿಯೇ ಬೇಕು ಎನ್ನುವವರು ಸ್ವಂತ ಮನೆ ಇದ್ದು, ಮೇ ತಿಂಗಳಲ್ಲಿ ಮೀಟರ್ 2 ವೋಲ್ಟ್ ಒಳಗೆ ತೋರಿಸಿದ ಮೇಲೆ ಅಂಗಡಿಗೆ ಹೋಗಿ.

ಏರ್ಪಾಡು ಸರಿಯಾಯಿತೇ ಎಂದು ನೋಡಲು ಪಿಯಾನೊ ವಾದಕ ಬಿಲ್ ಇವಾನ್ಸ್‌ರ ಮೂವರ ತಂಡ (ಟ್ರಿಯೊ) 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಜಾಜ್ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಹಾಕಿ. ಪಿಯಾನೊ ಹಿಂದೆ ಗ್ಲಾಸುಗಳು ತಾಕುವ ಸದ್ದು, ಮೆಲುಮಾತು ಕೇಳಬೇಕು. ಸ್ಕಾಟ್ ಲಫೇರೊ ಬಾಸ್ ತಂತಿಯಿಂದ ಬೆರಳು ಎತ್ತಿದ್ದು ಕೂಡ ತಿಳಿಯಬೇಕು. 2005ರ ಪೂರ್ಣ ಸೆಟ್ಟಿನಲ್ಲಿ ಮೊದಲನೇ ವಾದನ ನಡುವೆ ಒಮ್ಮೆ ಕಡಿದುಹೋಗುತ್ತದೆ. ರಿಪ್ ಕೆಟ್ಟಿತೆಂದು ಮತ್ತೆ ಸಿಡಿ ಹಾಕಬೇಡಿ. ಆ ಮಧ್ಯಾಹ್ನ ಅಲ್ಲಿ ಕರೆಂಟು ಹೋಗಿತ್ತು, ಟೇಪನ್ನು ಇದ್ದ ಹಾಗೇ ಉಳಿಸಿದ್ದಾರೆ.